ಹೊರನಾಡಿನ ಅಂಗಳದಲ್ಲಿ ಕಾಯಕ



ಕಾಯಕದ ವಿಚಾರವಾಗಿ ಈ ಅಂಕಣದಲ್ಲಿ ನಾವು ಬರೆದಾಗಲೆಲ್ಲ ಒಕ್ಕಲುತನ, ನೇಯ್ಗೆ, ವ್ಯಾಪಾರ, ಅಧ್ಯಾಪನಗಳ ಉದಾಹರಣೆಗಳೇ ಹೆಚ್ಚಾಗಿ ಬಂದಿವೆ. ಆಟವೂ ಕಾಯಕವಾಗಬಲ್ಲುದೇ, ಅದರಲ್ಲಿಯೂ ಅನ್ಯದೇಶದ ತಂಡವೊಂದರಿಂದ ವೇತನ ಪಡೆದು ಆಡುವ ಆಟ ಕಾಯಕವೆನಿಸೀತೇ ಎಂದು ಕೆಲವು ಮನೆಗಳಲ್ಲಿ ತರುಣರು ನಮ್ಮನ್ನು ಕೇಳಿದ್ದುಂಟು. ಹಿರಿಯರ ಚಿಂತೆ ಬೇರೆಯದು. ರಾಮನಾಥಪುರದ ಸುತ್ತಣ ಊರುಗಳಲ್ಲಿ ಭತ್ತ, ಹೊಗೆಸೊಪ್ಪು ಬೆಳೆದ ಒಕ್ಕಲು ಮನೆಗಳ ಮಕ್ಕಳು ಓದಿ ಬೆಂಗಳೂರು ಸೇರಿ, ಅಲ್ಲಿಂದ ಎರಡು ಮೂರು ವರ್ಷಗಳ ಒಪ್ಪಂದದ ಮೇಲೆ ಹೊರದೇಶಗಳಿಗೆ ಹೋಗುತ್ತಿದ್ದಾರೆ. ಅವಧಿ ಮುಗಿದು ಮರಳಿದ ಮಗನನ್ನು ಷಷ್ಠಿಯ ಜಾತ್ರೆಯಲ್ಲಿ ಕಂಡವರು, 'ಏಕೆ ಬಂದೆಯಪ್ಪಾ, ಕೆಲಸ ಹೋಯಿತೇ?' ಎಂದು ಕೇಳುತ್ತಾರೆ. ಮಗನಿಗಿಂತ ಮೊದಲು ತಂದೆತಾಯಿಗಳು ತಲೆ ತಗ್ಗಿಸುತ್ತಾರೆ. ತರುಣರ ಪ್ರಶ್ನೆಗೂ ಹಿರಿಯರ ಚಿಂತೆಗೂ ಒಬ್ಬನೇ ವ್ಯಕ್ತಿಯ ಬಾಳಿನಲ್ಲಿ ಉತ್ತರ ದೊರೆಯುವುದಾದರೆ ಅದನ್ನು ಕುರಿತು ಬರೆಯುವುದು ಉಚಿತವೆಂದು ನಾವು ಭಾವಿಸುತ್ತೇವೆ.

ನಮ್ಮ ಜಿಲ್ಲೆಯ ದಕ್ಷಿಣದ ಅಂಚಿನಲ್ಲಿ ಕಾವೇರಿಯ ದಡದ ರಾಮನಾಥಪುರವಿದ್ದರೆ, ಉತ್ತರದಲ್ಲಿ ಅರಸೀಕೆರೆ ತಾಲ್ಲೂಕಿನ ಜಾವಗಲ್ ಇದೆ. ಹೊಯ್ಸಳರ ಕಾಲದ ಲಕ್ಷ್ಮೀನರಸಿಂಹ ದೇವಾಲಯದಿಂದ ಪ್ರಸಿದ್ಧವಾದ ಆ ಊರು ಕಳೆದ ಮೂರು ದಶಕಗಳಿಂದ ಇನ್ನೊಂದು ಕಾರಣಕ್ಕೂ ಲೋಕದ ಬಾಯಿಯಲ್ಲಿದೆ. ಊರಿನ ಹೆಸರನ್ನೇ ತಮ್ಮ ಹೆಸರಿನ ಮೊದಲಿಗೆ ಹೊತ್ತು ಆಡಿದ ಜಾವಗಲ್ ಶ್ರೀನಾಥರೇ ಆ ಕಾರಣ. ಇವರು ಜನಿಸಿದ್ದು 1969ರ ಆಗಸ್ಟ್ 31ರಂದು, ಮೈಸೂರಿನಲ್ಲಿ. ಭಾರತದ ಪರವಾಗಿ 67 ಟೆಸ್ಟ್ ಪಂದ್ಯಗಳಲ್ಲಿ 236 ವಿಕೆಟ್‌ಗಳನ್ನೂ 229 ಏಕದಿನ ಪಂದ್ಯಗಳಲ್ಲಿ 315 ವಿಕೆಟ್‌ಗಳನ್ನೂ ಪಡೆದ ವೇಗದ ಬೌಲರ್ ಎಂಬುದನ್ನು ಮನೆಯ ಹುಡುಗರೆಲ್ಲ ಬಲ್ಲರು. ಆದರೆ ನಾವಿಲ್ಲಿ ಹೇಳಹೊರಟಿರುವುದು ದೇಶಕ್ಕಾಗಿ ಅವರು ಆಡಿದ ಆಟವನ್ನಲ್ಲ. ನಮ್ಮವರು ಯಾರೂ ನೋಡದ ಕಡೆ, ಪರರ ಊರಿಗಾಗಿ ಅವರು ಆಡಿದ ಆಟವನ್ನು.

ಅದಕ್ಕೆ ಮುನ್ನ ಅವರ ವಿದ್ಯಾಭ್ಯಾಸದ ಮಾತೊಂದನ್ನು ಹೇಳಬೇಕು. ಅದು ನಮ್ಮ ಸಮಾಜಕ್ಕೂ ಸಂಬಂಧಿಸಿದ್ದು. ಶ್ರೀನಾಥರು ಓದಿದ್ದು ಮೈಸೂರಿನಲ್ಲಿ, ದಾನಿ ಮರಿಮಲ್ಲಪ್ಪನವರ ಹೆಸರು ಹೊತ್ತ ಪ್ರೌಢಶಾಲೆಯಲ್ಲಿ. ಅನಂತರ ಇಂಜಿನಿಯರಿಂಗ್ ಪದವಿ ಪಡೆದದ್ದು ಶ್ರೀ ಜಯಚಾಮರಾಜೇಂದ್ರ ಇಂಜಿನಿಯರಿಂಗ್ ಕಾಲೇಜಿನಲ್ಲಿ. 1963ರಲ್ಲಿ ಆರಂಭವಾದ ಆ ಕಾಲೇಜು ಸುತ್ತೂರು ಶ್ರೀಮಠದ ಜೆ.ಎಸ್.ಎಸ್. ಮಹಾವಿದ್ಯಾಪೀಠದ್ದು, ಶ್ರೀ ಶಿವರಾತ್ರಿ ರಾಜೇಂದ್ರ ಮಹಾಸ್ವಾಮಿಗಳವರ ದೂರದೃಷ್ಟಿಯ ಫಲ. ಭಕ್ತರ ಮನೆಯ ಕಾಳುಕಡ್ಡಿ, ಕಾಣಿಕೆಗಳಿಂದ ಬೆಳೆದ ಸಂಸ್ಥೆಯ ಬಾಗಿಲು ಎಲ್ಲ ಜಾತಿಯ, ಎಲ್ಲ ಮನೆಯ ಮಕ್ಕಳಿಗೂ ತೆರೆದಿತ್ತು. ಅಲ್ಲಿ ಓದಿದ ಒಬ್ಬ ಹುಡುಗ ಮುಂದೆ ಇಂಗ್ಲೆಂಡಿನ ಮೈದಾನದಲ್ಲಿ ನಿಂತನು. ದಾಸೋಹದ ಅನ್ನ ಎಲ್ಲಿ, ಯಾರಲ್ಲಿ, ಯಾವ ರೂಪದಲ್ಲಿ ಫಲಿಸುವುದೋ ನೀಡಿದವನಿಗೆ ತಿಳಿಯದು. ತಿಳಿಯಬೇಕೆಂಬ ಹಂಬಲವೂ ಅವನಿಗೆ ಇರಕೂಡದು.

ಶ್ರೀನಾಥರು ಕಲಿತ ಶಾಸ್ತ್ರ ಇನ್‌ಸ್ಟ್ರುಮೆಂಟೇಷನ್, ಎಂದರೆ ಅಳತೆಯ ಉಪಕರಣಗಳ ತಂತ್ರಜ್ಞಾನ. ಚೆಂಡಿನ ಕಾಯಕವೂ ಅಳತೆಯದೇ. ಓಟದ ಹೆಜ್ಜೆಗಳಿಗೆ ಅಳತೆ, ಚೆಂಡು ನೆಲ ಮುಟ್ಟುವ ಜಾಗಕ್ಕೆ ಅಳತೆ, ಹೊಲಿಗೆಯ ಅಂಚನ್ನು ಹಿಡಿಯುವ ಬೆರಳುಗಳಿಗೆ ಅಳತೆ. 1989-90ರಲ್ಲಿ ಕರ್ನಾಟಕದ ಪರವಾಗಿ ಹೈದರಾಬಾದಿನ ಎದುರು ಆಡಿದ ಮೊದಲ ಪಂದ್ಯದಲ್ಲಿಯೇ ಸತತ ಮೂರು ಎಸೆತಗಳಲ್ಲಿ ಮೂವರನ್ನು ಔಟ್ ಮಾಡಿದರು. 1991ರ ನವೆಂಬರಿನಲ್ಲಿ ಆಸ್ಟ್ರೇಲಿಯದ ಬ್ರಿಸ್ಬೇನಿನಲ್ಲಿ ಭಾರತದ ಪರವಾಗಿ ಮೊದಲ ಟೆಸ್ಟ್ ಆಡಿದರು. ಆದರೆ ತವರಿನ ನೆಲದಲ್ಲಿ ಟೆಸ್ಟ್ ಆಡಲು ಅವರು 1994ರ ನವೆಂಬರಿನವರೆಗೆ, ಮೂರು ವರ್ಷ ಕಾಯಬೇಕಾಯಿತು. ನಮ್ಮ ಒಣ ನೆಲದಲ್ಲಿ ಚೆಂಡು ತಿರುಗಿಸುವವರಿಗೇ ಮನ್ನಣೆ. ವೇಗದವರಿಗೆ ಹೊರದೇಶಕ್ಕೆ ಹೋದಾಗ ಮಾತ್ರ ಕೆಲಸ. ಈ ಮೂರು ವರ್ಷಗಳ ಕಾಯುವಿಕೆಯನ್ನು ಓದುಗರು ನೆನಪಿನಲ್ಲಿಟ್ಟುಕೊಂಡರೆ ಮುಂದಿನ ಮಾತು ಸುಲಭವಾಗುತ್ತದೆ.

ಇಂಗ್ಲೆಂಡಿನಲ್ಲಿ ಕೌಂಟಿ ಎಂದರೆ ಹೆಚ್ಚುಕಡಿಮೆ ನಮ್ಮ ಜಿಲ್ಲೆಯಂತೆ. ಹದಿನೆಂಟು ಕೌಂಟಿಗಳಿಗೆ ಒಂದೊಂದು ತಂಡವುಂಟು. ಏಪ್ರಿಲಿನಿಂದ ಸೆಪ್ಟೆಂಬರಿನವರೆಗೆ ಅವು ಪರಸ್ಪರ ಆಡುತ್ತವೆ. 1995ರಲ್ಲಿ ಪ್ರತಿಯೊಂದು ತಂಡವೂ ಚಾಂಪಿಯನ್‌ಶಿಪ್ಪಿನಲ್ಲಿ ನಾಲ್ಕು ದಿನಗಳ ಹದಿನೇಳು ಪಂದ್ಯಗಳನ್ನು ಆಡಬೇಕಾಗಿತ್ತು. ನಡುನಡುವೆ ಭಾನುವಾರದ ಪಂದ್ಯಗಳು, ಬೇರೆ ಬೇರೆ ಕಪ್ಪುಗಳ ಏಕದಿನ ಪಂದ್ಯಗಳು. ಒಂದು ಊರಿನಲ್ಲಿ ಸಂಜೆ ಆಟ ಮುಗಿಸಿ, ರಾತ್ರಿ ಕಾರಿನಲ್ಲಿ ಇನ್ನೊಂದು ಊರಿಗೆ ಸಾಗಿ, ಬೆಳಗಾದರೆ ಮತ್ತೆ ಚೆಂಡು ಹಿಡಿಯಬೇಕು. ವಾರದ ದಿನಗಳಲ್ಲಿ ಪ್ರೇಕ್ಷಕರೂ ವಿರಳ. ನಿವೃತ್ತರು ಪತ್ರಿಕೆ ಓದುತ್ತ, ಚಹ ಕುಡಿಯುತ್ತ ಕುಳಿತಿರುತ್ತಾರೆ. ಬೆಂಗಳೂರಿನ ಕ್ರೀಡಾಂಗಣದ ಕೂಗು ಅಲ್ಲಿಲ್ಲ.

ಪರದೇಶದ ಆಟಗಾರರನ್ನು ಕಾಯಿಸದೆ ನೇರವಾಗಿ ಸೇರಿಸಿಕೊಳ್ಳಲು ಕೌಂಟಿಗಳಿಗೆ ಅನುಮತಿ ದೊರೆತದ್ದು 1968ರಲ್ಲಿ. ವೆಸ್ಟ್ ಇಂಡೀಸಿನ ಗ್ಯಾರಿ ಸೋಬರ್ಸ್ ಆ ವರ್ಷವೇ ನಾಟಿಂಗ್‌ಹ್ಯಾಮ್‌ಷೈರ್ ಸೇರಿದರು. ನಮ್ಮ ದೇಶದವರಲ್ಲಿ ಫರೂಖ್ ಇಂಜಿನಿಯರ್ ಲಂಕಾಷೈರಿಗೂ ಮುಂದೆ ಬಿಷನ್ ಸಿಂಗ್ ಬೇಡಿಯವರು ನಾರ್ಥಾಂಪ್ಟನ್‌ಷೈರಿಗೂ ಆಡಿದರು. ಕ್ರಮೇಣ ನಿಯಮ ಬಿಗಿಯಾಗಿ, 1995ರ ಹೊತ್ತಿಗೆ ಒಂದು ಕೌಂಟಿಗೆ ಒಬ್ಬನೇ ಪರದೇಶೀಯನೆಂದಾಯಿತು. ಹದಿನೆಂಟು ತಂಡ, ಹದಿನೆಂಟು ಸ್ಥಾನ. ಇಡೀ ಲೋಕದ ಆಟಗಾರರ ಕಣ್ಣು ಆ ಹದಿನೆಂಟರ ಮೇಲೆ. ಸ್ಥಾನ ಪಡೆದವನಿಂದ ತಂಡ ಎಲ್ಲರಿಗಿಂತ ಹೆಚ್ಚಿನದನ್ನು ನಿರೀಕ್ಷಿಸುತ್ತದೆ. ಸೋತಾಗ ಮೊದಲ ಬೆರಳು ತಿರುಗುವುದೂ ಅವನ ಕಡೆಗೇ.

ಕ್ರಿಕೆಟ್ಟಿನಲ್ಲಿ ಮಾತ್ರ ಹೀಗೆಂದು ತಿಳಿಯಬೇಕಾಗಿಲ್ಲ. ಅಮೆರಿಕದಲ್ಲಿ ಬ್ಯಾಸ್ಕೆಟ್‌ಬಾಲ್ ಕಲಿತು ಅಲ್ಲಿನ ದೊಡ್ಡ ತಂಡಗಳಲ್ಲಿ ಎಡೆ ಸಿಗದ ಅನೇಕ ತರುಣರು ಇಟಲಿ, ಸ್ಪೇನ್, ಗ್ರೀಸ್, ತುರ್ಕಿ ದೇಶಗಳ ತಂಡಗಳಲ್ಲಿ ವೇತನಕ್ಕೆ ಆಡುತ್ತ ಬಾಳು ಕಟ್ಟಿಕೊಂಡಿದ್ದಾರೆ. ಅನೇಕ ದೇಶಗಳಲ್ಲಿ ಅಲ್ಲಿಯೂ ಪರದೇಶೀಯರ ಸಂಖ್ಯೆಗೆ ಮಿತಿಯುಂಟು, ಅಲ್ಲಿಯೂ ಒಪ್ಪಂದ ಒಂದೆರಡು ವರ್ಷದ್ದು. ಬಿಲ್ ಬ್ರಾಡ್ಲಿ ಎಂಬಾತ 1965-66ರಲ್ಲಿ ಆಕ್ಸ್‌ಫರ್ಡಿನಲ್ಲಿ ಓದುತ್ತಲೇ ಇಟಲಿಯ ಮಿಲಾನ್ ತಂಡಕ್ಕೆ ಆಡಿ, ಆ ತಂಡ ಯೂರೋಪಿನ ಚಾಂಪಿಯನ್ ಆಗಲು ನೆರವಾದನು. ಮುಂದೆ ತನ್ನ ದೇಶದ ಸೆನೆಟ್ಟಿನ ಸದಸ್ಯನೂ ಆದನು. ಆಟ ಯಾವುದೇ ಇರಲಿ, ಹೊರನಾಡಿನ ಆಟಗಾರನ ಸ್ಥಿತಿ ಒಂದೇ. ಅವನು ಆ ಊರಿನ ಮಗನಲ್ಲ, ಅತಿಥಿಯೂ ಅಲ್ಲ. ಅವನು ದುಡಿಯಲು ಬಂದವನು.

ಗ್ಲೌಸ್ಟರ್‌ಷೈರ್ ಕೌಂಟಿಗೆ 1980ರ ದಶಕದ ಮಧ್ಯದಿಂದ ಪರದೇಶದ ಬೌಲರ್ ಆಗಿದ್ದವರು ಜಮೈಕಾದ ಕರ್ಟ್ನಿ ವಾಲ್ಷ್. 1995ರ ಬೇಸಿಗೆಯಲ್ಲಿ ವೆಸ್ಟ್ ಇಂಡೀಸ್ ತಂಡವೇ ಇಂಗ್ಲೆಂಡ್ ಪ್ರವಾಸ ಕೈಗೊಂಡಿದ್ದರಿಂದ ವಾಲ್ಷ್ ತಮ್ಮ ದೇಶದ ಪರವಾಗಿ ಆಡಬೇಕಾಯಿತು. ಬರಿದಾದ ಆ ಸ್ಥಾನಕ್ಕೆ ಶ್ರೀನಾಥರನ್ನು ಕರೆದರು. ಜ್ಯಾಕ್ ರಸೆಲ್ ಎಂಬ ವಿಕೆಟ್ ಕೀಪರ್ ತಂಡದ ನಾಯಕ. ಬ್ರಿಸ್ಟಲ್ ನಗರ ತಂಡದ ನೆಲೆ. ಶ್ರೀನಾಥರಿಗೆ ಆಗ 25 ವರ್ಷ. ಹೋಗುವಾಗಲೇ ಅದು ಇನ್ನೊಬ್ಬರ ಆಸನವೆಂಬುದೂ ಆ ಇನ್ನೊಬ್ಬರು ಮರಳಿ ಬರುವವರೆಂಬುದೂ ಗೊತ್ತಿದ್ದ ಸಂಗತಿ.

ಇನ್ನೊಬ್ಬರ ಆಸನದಲ್ಲಿ ಸ್ವಲ್ಪ ಕಾಲ ಕುಳಿತವನ ಮನಸ್ಸಿಗೆ ಎರಡು ಅಪಾಯಗಳುಂಟು. 'ಹೇಗೂ ನನ್ನದಲ್ಲ, ನನಗೇಕೆ ಅಷ್ಟು ಶ್ರಮ?' ಎಂಬ ಅಸಡ್ಡೆ ಒಂದು; 'ಇದನ್ನು ಹೇಗಾದರೂ ನನ್ನದಾಗಿಸಿಕೊಳ್ಳಬೇಕು' ಎಂಬ ಆಸೆ ಇನ್ನೊಂದು. ಮೊದಲನೆಯದು ಕಾಯಕದ್ರೋಹ, ಎರಡನೆಯದು ಪರಧನದ ಆಸೆಗೆ ಸಮ. ಶ್ರೀನಾಥರ ಆ ಬೇಸಿಗೆಯ ಲೆಕ್ಕವನ್ನು ನೋಡಿದರೆ ಅಸಡ್ಡೆಯ ಸುಳಿವು ಎಲ್ಲಿಯೂ ಇಲ್ಲ. ಪ್ರಥಮ ದರ್ಜೆಯ ಪಂದ್ಯಗಳಲ್ಲಿ ಅವರು ಆ ಒಂದೇ ಋತುವಿನಲ್ಲಿ ಪಡೆದದ್ದು 87 ವಿಕೆಟ್‌ಗಳು. ಅದೇ ಬೇಸಿಗೆಯಲ್ಲಿ ಬೆಂಗಳೂರಿನ ಇನ್ನೊಬ್ಬ ಇಂಜಿನಿಯರಿಂಗ್ ಪದವೀಧರ ಅನಿಲ್ ಕುಂಬ್ಳೆಯವರು ನಾರ್ಥಾಂಪ್ಟನ್‌ಷೈರಿನ ಪರವಾಗಿ 105 ವಿಕೆಟ್ ಪಡೆದರು. ಅವರಿಗಿಂತ ಹೆಚ್ಚು ಪಡೆದವರು ಆ ಋತುವಿನಲ್ಲಿ ಇಂಗ್ಲೆಂಡಿನಲ್ಲಿ ಬೇರೊಬ್ಬರಿರಲಿಲ್ಲ. ಕನ್ನಡ ನಾಡಿನ ಇಬ್ಬರು ಸೇರಿ ಪರರ ಅಂಗಳದಲ್ಲಿ ಒಂದೇ ಬೇಸಿಗೆಗೆ 192 ವಿಕೆಟ್ ಬೆಳೆದರು ಎಂದರೆ ಅದು ಸಾಮಾನ್ಯ ಫಸಲಲ್ಲ.

ಆ ಬೇಸಿಗೆಯ ಒಂದು ಪಂದ್ಯವನ್ನು ವಿವರವಾಗಿ ಹೇಳಬೇಕೆನಿಸುತ್ತದೆ. ಆಗಸ್ಟ್ ತಿಂಗಳ ಕೊನೆಯಲ್ಲಿ ವೇಲ್ಸ್ ಪ್ರಾಂತದ ಆಬರ್ಗವೆನಿ ಎಂಬ ಚಿಕ್ಕ ಊರಿನಲ್ಲಿ ಗ್ಲಮಾರ್ಗನ್ ತಂಡದ ಎದುರು ಗ್ಲೌಸ್ಟರ್‌ಷೈರ್ ಆಡಿತು. ಮೈದಾನ ಚಿಕ್ಕದು, ನೆಲ ದಾಂಡಿಗರಿಗೆ ಒಲಿದದ್ದು. ಅಂಥ ಕಡೆ ಶ್ರೀನಾಥರು ಒಂದು ಇನಿಂಗ್ಸಿನಲ್ಲಿ 76 ಓಟಗಳಿಗೆ 9 ವಿಕೆಟ್ ಪಡೆದರು. ಆದರೆ ಲೋಕ ಆ ಪಂದ್ಯವನ್ನು ನೆನೆಯುವುದು ಶ್ರೀನಾಥರ ಹೆಸರಿನಿಂದಲ್ಲ. ಅದೇ ಪಂದ್ಯದಲ್ಲಿ ಅವರದೇ ತಂಡದ ಇಪ್ಪತ್ತು ವರ್ಷದ ಆಂಡ್ರ್ಯೂ ಸೈಮಂಡ್ಸ್ ಔಟಾಗದೆ 254 ಓಟ ಗಳಿಸಿ, ಒಂದೇ ಇನಿಂಗ್ಸಿನಲ್ಲಿ 16 ಸಿಕ್ಸರ್, ಪಂದ್ಯದಲ್ಲಿ ಒಟ್ಟು 20 ಸಿಕ್ಸರ್ ಹೊಡೆದು ಆ ಕಾಲಕ್ಕೆ ವಿಶ್ವದಾಖಲೆ ಮಾಡಿದನು. ಆಕಾಶಕ್ಕೆ ಹಾರಿದ ಇಪ್ಪತ್ತು ಚೆಂಡುಗಳು ಎಲ್ಲರ ಕಣ್ಣಿಗೂ ಬಿದ್ದವು. ನೆಲಕ್ಕೆ ಬಿದ್ದ ಒಂಬತ್ತು ವಿಕೆಟ್‌ಗಳು ಲೆಕ್ಕದ ಪುಸ್ತಕದಲ್ಲಿ ಉಳಿದವು. ಮನೆಯಲ್ಲಿ ಹಬ್ಬದ ಹೋಳಿಗೆಯನ್ನು ಹೊಗಳುವವರು ಹಿಟ್ಟು ಬೀಸಿದ ಕೈಯನ್ನು ನೆನೆಯುವುದು ಅಪರೂಪ. ಬೀಸಿದ ಕೈಗೆ ಅದರಿಂದ ಕುಂದೇನೂ ಇಲ್ಲ.

ಆ ತಂಡದ ಇನ್ನೊಂದು ವಿಚಿತ್ರವನ್ನೂ ಗಮನಿಸಬೇಕು. ಸೈಮಂಡ್ಸ್ ಬೆಳೆದದ್ದು ಆಸ್ಟ್ರೇಲಿಯದಲ್ಲಿ. ಹುಟ್ಟಿದ್ದು ಮಾತ್ರ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ. ಆದ್ದರಿಂದ ಆತ ಕೌಂಟಿಯ ಲೆಕ್ಕದಲ್ಲಿ ಸ್ವದೇಶಿ. ಮುಂದೆ ಆತ ಇಂಗ್ಲೆಂಡಿನ ಕರೆಯನ್ನು ಒಲ್ಲದೆ ಆಸ್ಟ್ರೇಲಿಯದ ಪರವಾಗಿಯೇ ಆಡಿದನು. 2022ರಲ್ಲಿ ಕಾರು ಅಪಘಾತದಲ್ಲಿ ತೀರಿಕೊಂಡನು. ಯಾರು ನಮ್ಮವರು, ಯಾರು ಪರರು ಎಂಬುದನ್ನು ಕಾಗದವೊಂದು ಒಂದು ರೀತಿ ಹೇಳಿದರೆ ಬದುಕು ಇನ್ನೊಂದು ರೀತಿ ಹೇಳುತ್ತದೆ. ದುಡಿಮೆಯ ಅಂಗಳದಲ್ಲಿ ಉಳಿಯುವ ಪ್ರಶ್ನೆ ಒಂದೇ: ಈತ ತನ್ನ ಪಾಲಿನದನ್ನು ಮಾಡಿದನೇ, ಇಲ್ಲವೇ?

ನಮ್ಮ ಶರಣ ಪರಂಪರೆಗೆ ಇದು ಹೊಸ ಮಾತಲ್ಲ. ಹನ್ನೆರಡನೆಯ ಶತಮಾನದ ಕಲ್ಯಾಣವೇ ಹೊರನಾಡಿನವರು ಬಂದು ದುಡಿದ ಊರು. ಮೋಳಿಗೆಯ ಮಾರಯ್ಯನವರು ಕಾಶ್ಮೀರದ ಅರಸರಾಗಿದ್ದು, ರಾಜ್ಯವನ್ನು ತೊರೆದು ಪತ್ನಿ ಮಹಾದೇವಿಯವರೊಡನೆ ಕಲ್ಯಾಣಕ್ಕೆ ಬಂದು ಕಟ್ಟಿಗೆ ಮಾರುತ್ತ ಬಾಳಿದರೆಂದು ಪರಂಪರೆ ಹೇಳುತ್ತದೆ. ಆದಯ್ಯನವರು ಸೌರಾಷ್ಟ್ರದಿಂದ ವ್ಯಾಪಾರಕ್ಕೆಂದು ಪುಲಿಗೆರೆಗೆ ಬಂದವರು. ಅಮರೇಶ್ವರದ ಕಡೆಯಿಂದ ಬಂದ ಆಯ್ದಕ್ಕಿ ಮಾರಯ್ಯ ಲಕ್ಕಮ್ಮ ದಂಪತಿಗಳ ಕಥೆಯಂತೂ ಮನೆಮಾತು. ಪತಿ ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ದಿನದ ದಾಸೋಹಕ್ಕೆ ಬೇಕಾದುದಕ್ಕಿಂತ ಮಿಗಿಲಾದದ್ದು ನಮಗೆ ಸಲ್ಲದು, ತಂದಲ್ಲಿಗೇ ಸುರಿದು ಬನ್ನಿ ಎಂದು ಆ ತಾಯಿ ಕಳುಹಿಸಿದರು. ಈ ಶರಣರಲ್ಲಿ ಯಾರನ್ನೂ ಕಲ್ಯಾಣ 'ನೀನು ಎಲ್ಲಿಯವನು?' ಎಂದು ಕೇಳಿ ಹೊರಗಿರಿಸಲಿಲ್ಲ. ಅವರೂ ಹೊರಗಿನವರೆಂಬ ನೆಪದಿಂದ ಕಾಯಕದಲ್ಲಿ ಕಡಿಮೆ ಮಾಡಲಿಲ್ಲ, ಫಲದಲ್ಲಿ ಹೆಚ್ಚು ಬಯಸಲಿಲ್ಲ. ಪರಸ್ಥಳದ ದುಡಿಮೆಗೆ ಇದಕ್ಕಿಂತ ಸ್ಪಷ್ಟವಾದ ನಿಯಮ ಬೇಕೇ?

ಇನ್ನು 1996ರ ಮಾತು. ವಾಲ್ಷ್ ಗ್ಲೌಸ್ಟರ್‌ಷೈರಿಗೆ ಮರಳಿದರು. ಶ್ರೀನಾಥರು ಆ ಬೇಸಿಗೆಯಲ್ಲಿಯೂ ಇಂಗ್ಲೆಂಡಿನಲ್ಲಿಯೇ ಇದ್ದರು, ಆದರೆ ಭಾರತ ತಂಡದ ಸದಸ್ಯರಾಗಿ. ಎಂಬತ್ತೇಳು ವಿಕೆಟ್ ಪಡೆದವರು ಮತ್ತೆ ಒಂದು ಕೌಂಟಿಗೆ ದುಡಿದದ್ದು 2002ರಲ್ಲಿ, ಏಳು ವರ್ಷಗಳ ಅನಂತರ, ಅದೂ ಲೀಸ್ಟರ್‌ಷೈರಿಗೆ. ಬ್ರಿಸ್ಟಲಿನ ಆಸನ ಅದರ ಒಡೆಯನಿಗೆ ಸಂದಿತು. ಇದನ್ನು ಸೋಲೆಂದು ಯಾರಾದರೂ ಕರೆದಾರೆಯೇ? ಹಾಗಿದ್ದರೆ ಅವಧಿ ತೀರಿ ಊರಿಗೆ ಬಂದ ನಮ್ಮ ಮಕ್ಕಳನ್ನು ಸೋತವರಂತೆ ಏಕೆ ಕಾಣಬೇಕು? ಒಪ್ಪಂದವೆಂದರೆ ಕೊನೆಯಿರುವ ಕೆಲಸ. ಕೊನೆ ಬಂದಾಗ ಬಿಟ್ಟು ಬರುವುದು ಒಪ್ಪಂದದ ಒಳಗಿನ ಮಾತೇ ಹೊರತು ಅದರ ಭಂಗವಲ್ಲ. ಮಗನನ್ನಾಗಲಿ ಮಗಳನ್ನಾಗಲಿ ಕೇಳಬೇಕಾದ ಪ್ರಶ್ನೆ 'ಏಕೆ ಬಂದೆ?' ಎಂಬುದಲ್ಲ, 'ಅಲ್ಲಿದ್ದಷ್ಟು ದಿನ ತುಂಬ ಅಳೆದು ಕೊಟ್ಟೆಯಾ?' ಎಂಬುದು. ಹೌದೆಂದು ಉತ್ತರ ಬಂದರೆ ಆ ಮನೆ ತಲೆ ಎತ್ತಿ ನಡೆಯಬಹುದು.

ತುಂಬ ಅಳೆದು ಕೊಡಬೇಕೆಂದು ಹೇಳುವಾಗಲೇ ಅಳೆಯುವ ಪಾತ್ರೆಯನ್ನೂ ಕಾಯ್ದುಕೊಳ್ಳಬೇಕೆಂದು ಹೇಳದಿದ್ದರೆ ಮಾತು ಅರ್ಧವಾಗುತ್ತದೆ. ವೇಗದ ಬೌಲರನು ಚೆಂಡು ಬಿಡುವ ಗಳಿಗೆಯಲ್ಲಿ ಅವನ ಮುಂಗಾಲಿನ ಮೇಲೆ ದೇಹದ ತೂಕದ ಹಲವು ಪಟ್ಟು ಭಾರ ಬೀಳುತ್ತದೆ. ಭುಜದ ಮೂಳೆಯನ್ನು ಅದರ ಗೂಡಿನಲ್ಲಿ ಹಿಡಿದಿಡುವುದು ನಾಲ್ಕು ಸಣ್ಣ ಸ್ನಾಯುಗಳ ಕಟ್ಟು. ಪ್ರತಿಯೊಂದು ಎಸೆತದಲ್ಲಿಯೂ ಅದು ಜಗ್ಗುತ್ತದೆ. ಓವರಿಗೆ ಆರು ಎಸೆತ, ದಿನಕ್ಕೆ ಇಪ್ಪತ್ತು ಓವರ್ ಎಂದರೂ ನೂರಿಪ್ಪತ್ತು ಸಲ. ಕೌಂಟಿಯ ಬೇಸಿಗೆ, ಆಮೇಲೆ ದೇಶದ ಪಂದ್ಯಗಳು, 1996ರ ವಿಶ್ವಕಪ್, ಇಂಗ್ಲೆಂಡ್ ಪ್ರವಾಸ; 1996ರ ನವೆಂಬರಿನಲ್ಲಿ ಅಹಮದಾಬಾದಿನಲ್ಲಿ ದಕ್ಷಿಣ ಆಫ್ರಿಕವನ್ನು 105 ಓಟಗಳಿಗೆ ಕೆಡವಿದಾಗ 21 ಓಟಗಳಿಗೆ 6 ವಿಕೆಟ್; ಅದರ ಬೆನ್ನಿಗೇ ದಕ್ಷಿಣ ಆಫ್ರಿಕ ಪ್ರವಾಸ. 1997ರಲ್ಲಿ ಭುಜದ ಆ ಕಟ್ಟು ಕೈಕೊಟ್ಟಿತು. ವೆಸ್ಟ್ ಇಂಡೀಸಿನಲ್ಲಿ ಆಡಲಾಗದೆ ಶಸ್ತ್ರಚಿಕಿತ್ಸೆಗೆ ಒಳಗಾಗಬೇಕಾಯಿತು. ತಿಂಗಳುಗಳ ಕಾಲ ಕೈ ಎತ್ತುವುದನ್ನೇ ಹೊಸದಾಗಿ ಕಲಿಯಬೇಕಾದ ಸ್ಥಿತಿ ಅದು. ವರ್ಷದ ಕೊನೆಗೆ ಮರಳಿ ಬಂದರು. ಮುಂದೆ ಐದು ವರ್ಷಗಳಿಗೂ ಹೆಚ್ಚು ಕಾಲ ಆಡಿದರು.

ಗಾಯಕ್ಕೆ ಒಂದು ಋತುವನ್ನೋ ಒಂದು ತಂಡವನ್ನೋ ಹೊಣೆ ಮಾಡುವುದು ಸರಿಯಲ್ಲ. ಆದರೆ ಬಿಡುವಿಲ್ಲದ ದುಡಿಮೆ ಒಡಲಿನ ಲೆಕ್ಕದಲ್ಲಿ ಸಾಲವಾಗಿ ಬೆಳೆಯುತ್ತದೆ ಎಂಬುದನ್ನು ಮರೆಯಲಾಗದು. ಶರಣಧರ್ಮ ದೇಹವನ್ನು ಹಳಿಯುವ ಧರ್ಮವಲ್ಲ. ದೇಹವನ್ನೇ ದೇಗುಲವೆಂದು ಬಗೆದ ಧರ್ಮ. ಕಾಯದಿಂದ ನಡೆಯುವುದಾದ್ದರಿಂದಲೇ ಅದು ಕಾಯಕ. ದೇಗುಲವನ್ನು ಕೆಡವಿ ಪೂಜೆ ಮಾಡುವುದುಂಟೇ? ಹೊರದೇಶದಲ್ಲಿ ಹಗಲಿರುಳೆನ್ನದೆ ಗಣಕಯಂತ್ರದ ಮುಂದೆ ಕುಳಿತು ಬೆನ್ನು, ಕಣ್ಣು, ನಿದ್ರೆ ಮೂರನ್ನೂ ಕಳೆದುಕೊಳ್ಳುತ್ತಿರುವ ಮಕ್ಕಳಿಗೆ ದೂರವಾಣಿಯಲ್ಲಿ ಸಂಬಳವೆಷ್ಟೆಂದು ಕೇಳುವ ಮೊದಲು ಊಟ ನಿದ್ರೆಗಳನ್ನು ಕೇಳುವುದು ಹೆತ್ತವರ ಕಾಯಕ. ಇಷ್ಟಲಿಂಗ ಪೂಜೆಯ ಸ್ವಲ್ಪ ಹೊತ್ತು, ಬೇರೇನೂ ಅಲ್ಲದಿದ್ದರೂ, ಬೆನ್ನು ನೆಟ್ಟಗೆ ಮಾಡಿ ಉಸಿರನ್ನು ಗಮನಿಸುವ ಹೊತ್ತೆಂದಾದರೂ ಅವರಿಗೆ ನೆನಪಿಸಬೇಕು.

ಶ್ರೀನಾಥರ ಬಾಳಿನ ಇನ್ನೊಂದು ಗಳಿಗೆಯನ್ನು ಇಲ್ಲಿ ಹೇಳದೆ ಮುಂದುವರಿಯಲಾಗದು. 1999ರ ಫೆಬ್ರವರಿ 7, ದೆಹಲಿ. ಪಾಕಿಸ್ತಾನದ ಎರಡನೆಯ ಇನಿಂಗ್ಸಿನಲ್ಲಿ ಬಿದ್ದ ಒಂಬತ್ತು ವಿಕೆಟ್‌ಗಳೂ ಕುಂಬ್ಳೆಯವರ ಪಾಲಾಗಿದ್ದವು. ಹತ್ತನ್ನೂ ಒಬ್ಬನೇ ಪಡೆಯುವುದು ಟೆಸ್ಟ್ ಚರಿತ್ರೆಯಲ್ಲಿ ಅದಕ್ಕೆ ಮುನ್ನ ಒಮ್ಮೆ ಮಾತ್ರ, 1956ರಲ್ಲಿ, ಇಂಗ್ಲೆಂಡಿನ ಜಿಮ್ ಲೇಕರ್ ಅವರಿಂದ ಆಗಿತ್ತು. ಇನ್ನೊಂದು ತುದಿಯಿಂದ ಚೆಂಡು ಹಾಕುವ ಸರದಿ ಶ್ರೀನಾಥರದು. ವಿಕೆಟ್ ಪಡೆಯುವುದೇ ವೃತ್ತಿಯಾದವರು ಆ ಓವರಿನಲ್ಲಿ ಚೆಂಡನ್ನು ಬೇಕೆಂದೇ ವಿಕೆಟ್ಟಿನಿಂದ ದೂರಕ್ಕೆ ಹಾಕಿದರು. ಮುಂದಿನ ಓವರಿನಲ್ಲಿ ಕುಂಬ್ಳೆಯವರು ಹತ್ತನೆಯ ವಿಕೆಟ್ ಪಡೆದು, 74 ಓಟಗಳಿಗೆ 10 ಎಂಬ ದಾಖಲೆ ಬರೆದರು. ಆಬರ್ಗವೆನಿಯಲ್ಲಿ ಶ್ರೀನಾಥರಿಗೇ ಒಂಬತ್ತು ಸಿಕ್ಕಿ ಹತ್ತನೆಯದು ಪಾಲಿಗೆ ಬಾರದೆ ಹೋಗಿತ್ತು ಎಂಬುದನ್ನು ಬಲ್ಲವರಿಗೆ ಈ ಓವರಿನ ಬೆಲೆ ಇನ್ನೂ ಹೆಚ್ಚಾಗಿ ಕಂಡೀತು. ಕಾಯಕದಲ್ಲಿ ಗಳಿಸಬಹುದಾದದ್ದನ್ನು ಇನ್ನೊಬ್ಬರಿಗೆಂದು ಬಿಟ್ಟುಕೊಡುವುದು ದಾಸೋಹ. ಅದಕ್ಕೆ ಕೋಟಿ ರೂಪಾಯಿ ಬೇಕಿಲ್ಲ. ಆರು ಎಸೆತ ಸಾಕು.

ಅದೇ ತಿಂಗಳು ಕೋಲ್ಕತ್ತದಲ್ಲಿ ಪಾಕಿಸ್ತಾನದ ವಿರುದ್ಧವೇ ಶ್ರೀನಾಥರು 132 ಓಟಗಳಿಗೆ 13 ವಿಕೆಟ್ ಪಡೆದರು. ಆದರೂ ಭಾರತ ಸೋತಿತು. 2002ರಲ್ಲಿ ಟೆಸ್ಟ್ ಆಟವನ್ನು ಬಿಡುವುದಾಗಿ ಹೇಳಿ ಲೀಸ್ಟರ್‌ಷೈರಿಗೆ ಹೋದವರು, ನಾಯಕ ಸೌರವ್ ಗಂಗೂಲಿಯವರ ಒತ್ತಾಯಕ್ಕೆ ಮಣಿದು ಮತ್ತೆ ದೇಶಕ್ಕಾಗಿ ಆಡಿದರು. 2003ರ ಮಾರ್ಚ್ 23ರಂದು ಜೊಹಾನೆಸ್‌ಬರ್ಗಿನಲ್ಲಿ ನಡೆದ ವಿಶ್ವಕಪ್ ಫೈನಲ್ ಅವರ ಕೊನೆಯ ಏಕದಿನ ಪಂದ್ಯ. ಆ ವಿಶ್ವಕಪ್ಪಿನಲ್ಲಿ 16 ವಿಕೆಟ್ ಪಡೆದಿದ್ದವರು ಆ ದಿನ ಹತ್ತು ಓವರ್ ಹಾಕಿ 87 ಓಟ ಕೊಟ್ಟರು. ವಿಕೆಟ್ ಒಂದೂ ಇಲ್ಲ. ಬ್ರಿಸ್ಟಲಿನ ಬೇಸಿಗೆಯಲ್ಲಿಯೂ 87, ಜೊಹಾನೆಸ್‌ಬರ್ಗಿನ ಮಧ್ಯಾಹ್ನದಲ್ಲಿಯೂ 87. ಮೊದಲನೆಯದನ್ನು ನಮ್ಮ ನಾಡಿನಲ್ಲಿ ಬಲ್ಲವರು ಕೆಲವರೇ; ಎರಡನೆಯದನ್ನು ಕೋಟಿಗಟ್ಟಲೆ ಜನ ಕಣ್ಣಾರೆ ಕಂಡರು. ಲೋಕದ ಕಣ್ಣು ಎಲ್ಲಿ ಬೀಳುವುದೆಂಬುದು ದುಡಿಯುವವನ ಕೈಯಲ್ಲಿಲ್ಲ. ಎರಡು ಕಡೆಯೂ ಓಡಿ ಬಂದು ಚೆಂಡು ಹಾಕಿದ ಕೈ ಒಂದೇ. ಕಾಯಕ ಮಾಡುವವನಿಗೆ ಈ ಸಮಭಾವ ಬಾರದಿದ್ದರೆ ಗೆಲುವಿನ ದಿನ ಗರ್ವವೂ ಸೋಲಿನ ದಿನ ಕಣ್ಣೀರೂ ಅವನನ್ನು ಕೂಲಿಯಾಳಾಗಿಯೇ ಉಳಿಸುತ್ತವೆ.

ಆ ವರ್ಷ ಡರ್ಹಮ್ ಕೌಂಟಿಗೆ ಕೆಲವು ಪಂದ್ಯಗಳನ್ನಾಡಿ ಶ್ರೀನಾಥರು ಆಟದಿಂದ ನಿವೃತ್ತರಾದರು. 2006ರಿಂದ ಅಂತರರಾಷ್ಟ್ರೀಯ ಪಂದ್ಯಗಳ ರೆಫರಿಯಾಗಿ, ಆಟಗಾರರ ನಡತೆಯ ತಪ್ಪುಒಪ್ಪುಗಳನ್ನು ವಿಚಾರಿಸುವ ಹೊಣೆ ಹೊತ್ತರು. ದೇಶದೇಶಗಳನ್ನು ಸುತ್ತಿದವರು ತವರನ್ನು ಮರೆಯಲಿಲ್ಲ. 2010ರಲ್ಲಿ ಕುಂಬ್ಳೆಯವರು ಕರ್ನಾಟಕ ರಾಜ್ಯ ಕ್ರಿಕೆಟ್ ಸಂಸ್ಥೆಯ ಅಧ್ಯಕ್ಷರಾದಾಗ ಶ್ರೀನಾಥರು ಕಾರ್ಯದರ್ಶಿಯಾಗಿ ಮೂರು ವರ್ಷ ದುಡಿದರು. ಹೊರಗೆ ಕಲಿತದ್ದನ್ನು ಮನೆಗೆ ತಂದು ಹಂಚುವುದು ಹೊರನಾಡಿನ ಕಾಯಕದ ಕೊನೆಯ ಕಂತು. ಅದು ಸಂದಾಯವಾಗುವವರೆಗೆ ಲೆಕ್ಕ ಮುಗಿಯದು.

ತರುಣರ ಪ್ರಶ್ನೆಗೆ ಈಗ ನೇರವಾಗಿ ಉತ್ತರಿಸಬಹುದು. ಆಟವೂ ಕಾಯಕವಾಗಬಲ್ಲುದು, ಪರದೇಶದಲ್ಲಿ ವೇತನ ಪಡೆದು ಆಡುವ ಆಟವೂ ಕಾಯಕವಾಗಬಲ್ಲುದು. ಅದಕ್ಕೆ ಬೇಕಾದುದು ಮೂರು ನಡೆ: ಯಾರೂ ನೋಡದಿದ್ದರೂ ತುಂಬ ಅಳೆದು ಕೊಡುವುದು; ಅವಧಿ ತೀರಿದಾಗ ಆಸನಕ್ಕೆ ಅಂಟಿಕೊಳ್ಳದೆ ಏಳುವುದು; ಸಿಕ್ಕಿದ್ದರಲ್ಲಿ ಇನ್ನೊಬ್ಬರಿಗೆ ಪಾಲು ತೆಗೆದಿರಿಸುವುದು. ಚೆಂಡು ಹಿಡಿದವನಿಗೂ ಗಣಕಯಂತ್ರ ಹಿಡಿದವನಿಗೂ ಆಸ್ಪತ್ರೆಯಲ್ಲಿ ಶುಶ್ರೂಷೆ ಮಾಡುವ ಹೆಣ್ಣುಮಗಳಿಗೂ ನಿಯಮ ಒಂದೇ.

ಹಿರಿಯರಲ್ಲಿ ನಮ್ಮ ವಿಜ್ಞಾಪನೆ ಇಷ್ಟು. ಕಾವೇರಿ ನಮ್ಮ ಊರಿನ ಮೆಟ್ಟಿಲುಗಳನ್ನು ಮುಟ್ಟಿ ಮುಂದೆ ಹರಿಯುತ್ತಾಳೆ. ನಾವು ಕಾಣದ ಗದ್ದೆಗಳಿಗೆ ನೀರುಣಿಸುತ್ತಾಳೆ. ಅವಳನ್ನು ಕಟ್ಟಿಹಾಕಿ ನಮ್ಮವಳೆನ್ನುವ ಮನೆ ಈ ದಡದಲ್ಲಿಲ್ಲ. ಮಕ್ಕಳ ವಿಷಯದಲ್ಲಿಯೂ ಅಷ್ಟೇ ದೊಡ್ಡ ಮನಸ್ಸಿರಲಿ. ಹೋಗುವಾಗ ಹರಸಿ ಕಳುಹಿಸಿರಿ. ಮರಳಿ ಬಂದಾಗ, ಕೆಲಸ ಉಳಿಯಿತೋ ಹೋಯಿತೋ ಎಂಬ ವಿಚಾರಣೆಗೆ ಮುನ್ನ ಕಾಲು ತೊಳೆಯಲು ನೀರು ಕೊಟ್ಟು ಎಲೆ ಹಾಕಿರಿ. ಬರುವ ಷಷ್ಠಿಯ ಜಾತ್ರೆಯಲ್ಲಿ ಅಂಥ ಮಗನೋ ಮಗಳೋ ಎದುರಾದರೆ, ಅಲ್ಲಿ ಏನು ಕಲಿತೆ, ಇಲ್ಲಿನ ಹುಡುಗರಿಗೆ ಏನು ಕಲಿಸಬಲ್ಲೆ ಎಂದು ಕೇಳಿರಿ.

ಸರ್ವರ ಕಾಯಕವೂ ಲಿಂಗಾರ್ಪಿತವಾಗಲಿ. ಶರಣು.